ನೀರಿಗಿಳಿಯದ ಬಾಗಿನ

ಅತ್ತೆ ಆರು ತಿಂಗಳಿಗೆಂದು ನಮ್ಮ ಮನೆಗೆ ಬಂದಿಳಿದಾಗ ಅವರ ಪೆಟ್ಟಿಗೆಯ ಅರ್ಧ ಜಾಗವನ್ನು ಎರಡು ಮೊರಗಳೇ ಹಿಡಿದುಕೊಂಡಿದ್ದವು. ಗೌರಿ ಹಬ್ಬದ ಮುಂಚೆ ಮೈಸೂರಿನ ಪೇಟೆಯಲ್ಲಿ ಮಾರುತ್ತಾರಲ್ಲ, ಅಂಥ ಪುಟ್ಟ ಬಿದಿರಿನ ಮೊರಗಳು. ಒಂದರ ಮೇಲೊಂದು ಕವುಚಿ, ನಡುವಿನ ಜಾಗ ಯಾಕೆ ದಂಡವಾಗಬೇಕು ಅಂತ ಸಾರಿನ ಪುಡಿ, ಹುಣಸೆಹಣ್ಣು, ನನಗೊಂದು ರವಿಕೆ ಕಣ, ಮೊಮ್ಮಗಳಿಗೆ ಒಂದು ಡಜನ್ ಬಳೆ ತುರುಕಿ, ಸುತ್ತಲೂ ಹಳೇ ಪಂಚೆ ಸುತ್ತಿದ್ದರು. ಒಂದು ಬಳೆಯೂ ಒಡೆದಿರಲಿಲ್ಲ.

"ಇದೇನತ್ತೆ, ಮೊರ ಹೊತ್ತುಕೊಂಡು ಬಂದಿದ್ದೀರಿ? ಇಲ್ಲಿ ಅಕ್ಕೀಲಿ ಒಂದು ಕಲ್ಲೂ ಇರಲ್ಲ."

"ಕೇರೋಕ್ಕಲ್ಲ ಕಣೇ. ಗೌರಿ ಹಬ್ಬ ಇಲ್ಲೇ ಬರುತ್ತಲ್ಲ," ಅಂದರು. ಅಷ್ಟು ಹೇಳಿ ಮೊರಗಳನ್ನು ಕ್ಲಾಸೆಟ್ಟಿನ ಮೇಲಿನ ಹಲಗೆಯಲ್ಲಿಟ್ಟರು. ನಾನೂ ಮರೆತೆ.

ಅದು ಗ್ಯಾಸಿಗೆ, ಅಂದರೆ ಪೆಟ್ರೋಲಿಗೆ, ಮೈಲುದ್ದ ಕಾರುಗಳು ಸಾಲು ನಿಂತ ಚಳಿಗಾಲದ ನಂತರದ ಬೇಸಿಗೆ. ನಾವಿದ್ದದ್ದು ನ್ಯೂಜೆರ್ಸಿಯ ನಡುಭಾಗದಲ್ಲಿ, ಎರಡು ಮನೆ ಒಂದಕ್ಕೊಂದು ಅಂಟಿಕೊಂಡಿದ್ದ ಇಟ್ಟಿಗೆ ಕಟ್ಟಡದ ಬಲಗಡೆ ಭಾಗದಲ್ಲಿ. ಹಿಂದೆ ಇಬ್ಬರಿಗೂ ಸೇರಿದ ಹುಲ್ಲಿನ ಅಂಗಳ. ನನ್ನ ಯಜಮಾನರು ಒಂದು ಎಂಜಿನಿಯರಿಂಗ್ ಕಂಪನಿಗೆ ಕಮ್ಯೂಟ್ ಮಾಡುತ್ತಿದ್ದರು. ಮಗಳಿಗೆ ಆರು ವರ್ಷ. ಅತ್ತೆ ಬೆಳಿಗ್ಗೆ ನನ್ನ ಜೊತೆ ಅಡಿಗೆ, ಮಧ್ಯಾಹ್ನ ಟೀವಿಯಲ್ಲಿ ಭಾಷೆ ಬಾರದ ಸೀರಿಯಲ್ಲು, ಸಂಜೆ ಹಿಂದಿನ ಮೆಟ್ಟಿಲ ಮೇಲೆ ಕೂತು ಗಾಳಿ ಸೇವನೆ, ಹೀಗೆ ಹೊಂದಿಕೊಂಡುಬಿಟ್ಟಿದ್ದರು. ಸೀರಿಯಲ್ಲಿನ ಸೊಸೆಯಂದಿರ ಬಗ್ಗೆ ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು.

ಆಗಸ್ಟ್ ಅರ್ಧ ಕಳೆದ ಮೇಲೆ ಅವರ ಮಾತು ಕಡಿಮೆಯಾಯಿತು. ಊಟಕ್ಕೆ ಕೂತರೆ ಅನ್ನ ಕಲಸಿ ಹಾಗೇ ಕೂತಿರುತ್ತಿದ್ದರು. ಮೈ ಸರಿ ಇಲ್ಲವೇನೋ ಅಂತ ಕೇಳಿದೆ. "ಮೈಗೇನಾಗಿದೆ, ಕಲ್ಲುಗುಂಡು ಇದ್ದ ಹಾಗಿದೀನಿ," ಅಂದವರು, "ಈ ವರ್ಷ ಬಾಗಿನ ತಪ್ಪುತ್ತೆ ಅಂತ ಕಾಣುತ್ತೆ," ಅಂದರು.

ಅವರ ತವರೂರು ಹಳೇ ಕನ್ನಂಬಾಡಿಯ ಪಕ್ಕದ ಒಂದು ಹಳ್ಳಿ. ಕಾವೇರಿಗೆ ಕಟ್ಟೆ ಕಟ್ಟಿದಾಗ ಅದೂ ನೀರಿನೊಳಗೆ ಹೋಯಿತು. ಆಗ ಅತ್ತೆಗೆ ಎಂಟೋ ಒಂಬತ್ತೋ. ಅವರಪ್ಪ ಬಾಗಿಲು, ತೊಲೆ, ಹೆಂಚು ಬಿಚ್ಚಿ ಗಾಡಿಗೆ ಹೇರಿಕೊಂಡು ಬೇರೆ ಕಡೆ ಹೋಗಿ ಮನೆ ಕಟ್ಟಿದರು. ಆದರೆ ಅವರಮ್ಮ ಸಾಯುವತನಕ ಆ ಹೊಸ ಮನೆಯನ್ನು "ಬಿಡಾರ" ಅಂತಲೇ ಕರೆಯುತ್ತಿದ್ದರಂತೆ. ಗೌರಿ ಹಬ್ಬಕ್ಕೆ ತವರಿಂದ ಮಗಳಿಗೆ ಬಾಗಿನ ಬರಬೇಕು. ಬಿಡಾರದಿಂದ ಬಂದದ್ದು ತವರಿನದ್ದು ಹೇಗಾದೀತು ಅಂತ ಅವರಮ್ಮನೇ ಒಂದು ಕ್ರಮ ಮಾಡಿದರು: ನಮಗೆ ತವರು ಕೊಡೋದಲ್ಲ, ನಾವೇ ತವರಿಗೆ ಕೊಡೋದು. ಅಂದಿನಿಂದ ತಾಯಿ, ಆಮೇಲೆ ಮಗಳು, ವರ್ಷವರ್ಷವೂ ಹಬ್ಬದ ಹೊತ್ತಿಗೆ ಹಿನ್ನೀರಿನ ದಡಕ್ಕೆ ಹೋಗಿ ಮೊರದ ಬಾಗಿನ ತೇಲಿಬಿಟ್ಟು ಬರುವುದು. ಮದುವೆಯಾದ ವರ್ಷದಿಂದ ಅತ್ತೆ ಒಂದು ಸಲವೂ ತಪ್ಪಿಸಿರಲಿಲ್ಲ. ನನ್ನ ಯಜಮಾನರು ಹೊಟ್ಟೆಯಲ್ಲಿದ್ದಾಗಲೂ ಎತ್ತಿನ ಗಾಡಿಯಲ್ಲಿ ಕೂತು ಹೋಗಿದ್ದರಂತೆ. ಈ ಸಲ ಮಾವನವರು ಚಳಿಗೆ ಹೆದರಿ ಮೈಸೂರಿನಲ್ಲೇ ಉಳಿದುಕೊಂಡಿದ್ದರು. "ನೀವೇ ಹೋಗಿ ಬಿಟ್ಟುಬನ್ನಿ ಅಂದರೆ, ಗಂಡಸರು ಬಾಗಿನ ಕೊಡ್ತಾರೇನೇ ಅಂತ ನಕ್ಕರು," ಅಂದರು ಅತ್ತೆ.

ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ಯಜಮಾನರಿಗೆ ಹೇಳಿದೆ. ಅವರು ಕೈ ತೊಳೆದವರೇ ಕಾರಿನಿಂದ ರೋಡ್ ಮ್ಯಾಪು ತಂದು ಊಟದ ಮೇಜಿನ ಮೇಲೆ ಹರಡಿದರು. ಮೇಲುಗಡೆ, ರಾಜ್ಯದ ಉತ್ತರಕ್ಕೆ, ಗುಡ್ಡಗಳ ನಡುವೆ ಒಂದು ನೀಲಿ ಬಣ್ಣದ ಗೆರೆ. ಅದರೊಳಗೆ ಅಕ್ಕಿ ಚೆಲ್ಲಿದ ಹಾಗೆ ಬಿಳೀ ಚುಕ್ಕೆಗಳು.

"ರಿಸರ್ವಾಯರ್ ಕಣಮ್ಮ. ಕಟ್ಟೆ ಕಟ್ಟಿದ ನೀರೇ. ಮಧ್ಯೆ ದ್ವೀಪಗಳೂ ಇವೆ."

"ಒಳಗೆ ಊರಿದೆಯೇನೋ?"

"ಇರಬಹುದಮ್ಮ. ಎಲ್ಲಾ ಕಡೆ ಇರುತ್ತೆ."

"ಇರಬಹುದು ಅಂದರೆ?"

"ಇದೆ ಅಂತಲೇ ಇಟ್ಟುಕೊ. ಶನಿವಾರ ಹೋಗೋಣ."

"ಹಬ್ಬ ಬುಧವಾರ. ಗೌರಿ ನಿನ್ನ ಆಫೀಸು ಕೇಳಿಕೊಂಡು ಬರ್ತಾಳೇನೋ?"

ಇಲ್ಲಿ ಹಬ್ಬಗಳೆಲ್ಲ ಶನಿವಾರವೇ ಬರುವುದು ನಮಗೆ ಅಭ್ಯಾಸವಾಗಿಬಿಟ್ಟಿತ್ತು. ಕೊನೆಗೆ ಒಪ್ಪಂದವಾಯಿತು. ಪೂಜೆ ಬುಧವಾರವೇ, ಮನೆಯಲ್ಲಿ, ಅರಿಶಿನದ ಗೌರಿಗೆ. ಬಾಗಿನ ಶನಿವಾರ. ಆದರೆ ಆ ದಿನ ಬಾಗಿನ ನೀರು ಸೇರುವತನಕ ತಾನು ಕಾಫಿ ಬಿಟ್ಟು ಬೇರೇನನ್ನೂ ಬಾಯಿಗೆ ಹಾಕುವುದಿಲ್ಲ, ಅದು ಮೊದಲಿನಿಂದಲೂ ಇರೋ ನೇಮ ಅಂದರು. "ಕಾಫಿ ನೇಮದಲ್ಲಿ ಸೇರಿದೆಯಾ?" ಅಂತ ಮಗ ಕೇಳಿದ್ದಕ್ಕೆ, "ಅದು ನಿಮ್ಮಪ್ಪ ಸೇರಿಸಿದ್ದು," ಅಂತ ಉತ್ತರ.

ಬಾಗಿನ ಹೊಂದಿಸುವುದಕ್ಕೆ ನನಗೆ ಮೂರು ದಿನ ಹಿಡಿಯಿತು. ತೊಗರಿಬೇಳೆ ಮುಗಿದಿತ್ತು. ಅದಕ್ಕೋಸ್ಕರ ನ್ಯೂಯಾರ್ಕಿಗೆ ಹೋಗುವುದು ದೂರದ ಮಾತು, ಹಾಗಾಗಿ ಸೂಪರ್‌ಮಾರ್ಕೆಟ್ಟಿನ ಹಳದಿ ಬಟಾಣಿ ಬೇಳೆ. ಬೆಲ್ಲದ ಬದಲು ಬ್ರೌನ್ ಶುಗರ್. ಅತ್ತೆ ಅದನ್ನು ಸ್ವಲ್ಪ ನೀರಿನಲ್ಲಿ ಕಲಸಿ ಅಚ್ಚು ಮಾಡಿ ಫ್ರಿಜ್ಜಿನಲ್ಲಿಟ್ಟರು. ಬಾಚಣಿಗೆ, ಪುಟ್ಟ ಕನ್ನಡಿ ಡ್ರಗ್‌ಸ್ಟೋರಿನಿಂದ. ಬಳೆ ಇತ್ತು. ಬಿಚ್ಚೋಲೆ, ಅರಿಶಿನ, ಕುಂಕುಮ ಅವರೇ ತಂದಿದ್ದರು. ತೆಂಗಿನಕಾಯಿ ಸಿಕ್ಕಿತು, ಆದರೆ ಜುಟ್ಟು ಪೂರ್ತಿ ಬೋಳಿಸಿದ್ದು. ಅತ್ತೆ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಪಾಪ, ಇದಕ್ಕೂ ಇಲ್ಲಿ ಕ್ರಾಪು ಹೊಡೆಸಿಬಿಟ್ಟಿದ್ದಾರೆ," ಅಂದರು.

ಪಕ್ಕದ ಮನೆಯಾಕೆಯ ವಿಷಯ ಈಗ ಹೇಳಬೇಕು. ನಮ್ಮ ಗೋಡೆಗೆ ಅಂಟಿದ ಎಡಗಡೆ ಮನೆಯಲ್ಲಿ ಚೀನಾದ ಗಂಡ ಹೆಂಡತಿ ಇದ್ದರು. ಆತ ಎಲ್ಲೋ ಡ್ರಾಫ್ಟ್ಸ್‌ಮನ್. ಆಕೆಗೆ ಐವತ್ತರ ಹತ್ತಿರ ವಯಸ್ಸು, ಸಣ್ಣ ಆಳು, ಸದಾ ಗಂಡನ ಹಳೇ ಶರ್ಟು ಹಾಕಿಕೊಂಡು ಹಿಂದಿನ ಅಂಗಳದ ಅರ್ಧ ಹುಲ್ಲು ಕಿತ್ತು ತರಕಾರಿ ಬೆಳೆಯುತ್ತಿದ್ದರು. ಅತ್ತೆ ಬಂದ ಎರಡನೇ ವಾರ ಬೇಲಿಗೆ ಹಬ್ಬಿದ ಬಳ್ಳಿ ನೋಡಿ ಒಳಗೆ ಓಡಿಬಂದು, "ಹೀರೆಕಾಯಿ ಕಣೇ, ಅಪ್ಪಟ ಹೀರೆಕಾಯಿ," ಅಂತ ನನ್ನನ್ನು ಎಳೆದುಕೊಂಡು ಹೋಗಿದ್ದರು. ಅಲ್ಲಿಂದ ಅವರಿಬ್ಬರದೂ ಒಂದು ವ್ಯವಹಾರ. ಅತ್ತೆ ಕನ್ನಡದಲ್ಲಿ ಮಾತಾಡುವುದು, ಆಕೆ ಚೀನೀ ಭಾಷೆಯಲ್ಲಿ ಉತ್ತರ ಕೊಡುವುದು. ಇಬ್ಬರೂ ಇಂಗ್ಲಿಷಿನ ಗೋಜಿಗೆ ಹೋಗುತ್ತಿರಲಿಲ್ಲ. ಆಕಡೆಯಿಂದ ಹೀರೆಕಾಯಿ, ಹಾಗಲಕಾಯಿ. ಈಕಡೆಯಿಂದ ಹೀರೆಕಾಯಿ ಬಜ್ಜಿ, ಸಿಪ್ಪೆ ಚಟ್ನಿ. ಅತ್ತೆ ಆಕೆಗೆ ಹೀರೆಕಾಯಿಯಮ್ಮ ಅಂತ ಹೆಸರಿಟ್ಟಿದ್ದರು. ಆಕೆ ನನ್ನ ಯಜಮಾನರ ಬಾಯಿಂದ ಕೇಳಿ ಕಲಿತು ಅತ್ತೆಯನ್ನು "ಅಮ್ಮ" ಅನ್ನುತ್ತಿದ್ದರು.

ಶನಿವಾರ ಬೆಳಿಗ್ಗೆ ಡಬ್ಬಿಗಳನ್ನು ಕಾರಿಗೆ ಹೇರುತ್ತಿದ್ದಾಗ ಹೀರೆಕಾಯಿಯಮ್ಮ ಬೇಲಿಯ ಹತ್ತಿರ ಬಂದು ನಿಂತರು. ಎಲ್ಲಿಗೆ ಅಂತ ಕೇಳಿದರು. ರಿಸರ್ವಾಯರಿಗೆ ಅಂದೆ. ಆ ಮಾತು ಕೇಳಿ ಅವರ ಮುಖ ಸ್ವಲ್ಪ ಬದಲಾಯಿತು.

"ಅವಳೂ ಬರಲಿ," ಅಂದರು ಅತ್ತೆ. "ಗಂಡ ಹೇಗಿದ್ದರೂ ಟೀವಿ ಮುಂದೆ ಬೇಸ್‌ಬಾಲು ನೋಡ್ತಾ ಕೂತಿರ್ತಾನೆ."

ಆಕೆ ಎರಡು ನಿಮಿಷದಲ್ಲಿ ಶರ್ಟು ಬದಲಿಸಿ, ಕೈಚೀಲ ಹಿಡಿದು ಬಂದು ಹಿಂದಿನ ಸೀಟಿನಲ್ಲಿ ಅತ್ತೆಯ ಪಕ್ಕ ಕೂತರು. ಅತ್ತೆಯ ತೊಡೆಯ ಮೇಲೆ ಬಾಗಿನ. ನಡುವೆ ನನ್ನ ಮಗಳು.

ನಮ್ಮ ಯಜಮಾನರ ಮನಸ್ಸಿನಲ್ಲಿ ರಿಸರ್ವಾಯರ್ ಅಂದರೆ ಕನ್ನಂಬಾಡಿಯೇ. ಇದನ್ನು ನಾನು ಅಲ್ಲಿಗೆ ಹೋದ ಮೇಲೆ ತಿಳಿದುಕೊಂಡೆ. ದಾರಿಯುದ್ದಕ್ಕೂ ಅವರು ಮಗಳಿಗೆ, "ಮೆಟ್ಟಿಲು ಇಳಿದು ಹೋದರೆ ನೀರು, ಈಕಡೆ ಗಾರ್ಡನ್ನು, ಫೌಂಟನ್ನು, ಸಂಜೆ ಬಣ್ಣದ ಲೈಟು ಹಾಕ್ತಾರೆ, ನೋಡ್ಕೊಂಡೇ ಬರೋಣ," ಅಂತ ಹೇಳುತ್ತಿದ್ದರು. ನಾನೂ ಅದನ್ನು ನಂಬಿ ಸಂಜೆ ಚಳಿಗೆ ಸ್ವೆಟರುಗಳನ್ನು ಇಟ್ಟುಕೊಂಡಿದ್ದೆ. ಮೈಸೂರಿನ ಕಡೆಯ ಇಬ್ಬರು ವಿದ್ಯಾವಂತರು, ಒಬ್ಬರು ಎಂಜಿನಿಯರು ಬೇರೆ, ಎಂಟು ವರ್ಷ ಈ ದೇಶದಲ್ಲಿದ್ದು, ಹೀಗೆ ಹೊರಟಿದ್ದೆವು.

ಹೋಗಿ ನಿಂತಲ್ಲಿ ಮೆಟ್ಟಿಲೂ ಇಲ್ಲ, ಗಾರ್ಡನ್ನೂ ಇಲ್ಲ. ರಸ್ತೆಯ ಪಕ್ಕ ಆಳೆತ್ತರದ ತಂತಿ ಬೇಲಿ. ಐವತ್ತು ಅಡಿಗೊಂದು ಬೋರ್ಡು: ಕುಡಿಯುವ ನೀರು, ಒಳಗೆ ಬರಬಾರದು, ಈಜಬಾರದು, ಏನನ್ನೂ ಎಸೆಯಬಾರದು. ಮಗಳು ಒಂದೊಂದನ್ನೂ ಜೋರಾಗಿ ಓದುತ್ತಾ ಬಂದಳು. ಕೊನೆಗೆ ಒಂದು ಏರಿನಲ್ಲಿ ಕಾರು ನಿಲ್ಲಿಸುವ ಜಾಗ, ಎರಡು ಮರದ ಮೇಜು ಸಿಕ್ಕವು. ಅಲ್ಲಿಂದ ಕೆಳಗೆ ನೋಡಿದರೆ ಇಡೀ ಕೆರೆ. ಅದು ಚೆಂದವಾಗಿತ್ತು, ಇಲ್ಲ ಅನ್ನಲಾರೆ. ಸುತ್ತ ಗುಡ್ಡ, ಗುಡ್ಡದ ಮೇಲೆ ಆಗತಾನೇ ಅಲ್ಲೊಂದು ಇಲ್ಲೊಂದು ಕೆಂಪಾಗುತ್ತಿದ್ದ ಮರ. ನೀರಿನ ನಡುವೆ ಪೈನ್ ಮರಗಳನ್ನು ಹೊತ್ತ ಐದಾರು ದ್ವೀಪ. ಬೇಸಿಗೆಯಲ್ಲಿ ನೀರು ಇಳಿದು ಪ್ರತಿ ದ್ವೀಪದ ಸುತ್ತಲೂ ಬರಿಯ ಮಣ್ಣಿನ ಒಂದು ಅಂಚು ಎದ್ದಿತ್ತು.

"ತುಂಬಿಲ್ಲವಲ್ಲೋ ಇದು," ಅಂದರು ಅತ್ತೆ.

"ಮುಕ್ಕಾಲು ತುಂಬಿದೆಯಮ್ಮ."

"ಇಳಿಯೋದೆಲ್ಲಿ?"

ಯಜಮಾನರು ಬೇಲಿಯುದ್ದಕ್ಕೂ ನಡೆದು ಒಂದು ಸಂದು ಹುಡುಕಿದರು. ಮಳೆನೀರು ಹರಿದು ಬೇಲಿಯ ಕೆಳಗೆ ಮಣ್ಣು ಕೊಚ್ಚಿಹೋಗಿದ್ದ ಜಾಗ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಿನ ನನ್ನ ಕೈಗೆ ಕೊಟ್ಟು, ಅರವತ್ತೊಂದನೇ ವಯಸ್ಸಿನಲ್ಲಿ ಆ ಸಂದಿನ ಮುಂದೆ ಮಂಡಿಯೂರಿದರು. ಸರಿಯಾಗಿ ಆಗಲೇ ಹಸಿರು ಪಿಕಪ್ಪಿನಲ್ಲಿ ಕಾವಲಿನವನು ಬಂದ. ವಯಸ್ಸಾದ ಮನುಷ್ಯ, ತೋಳಿಗೆ ಬಿಲ್ಲೆ. ಗದರಿಸಲಿಲ್ಲ. ಅತ್ತೆಗೆ ಕೈಕೊಟ್ಟು ಎಬ್ಬಿಸಿದ.

"ಸರ್, ಅದರೊಳಗೇನಿದೆ?"

"ಧಾನ್ಯ, ತೆಂಗಿನಕಾಯಿ, ಬಳೆ," ಅಂದರು ಯಜಮಾನರು.

"ಏನು ಮಾಡ್ತೀರಿ ಅದನ್ನ?"

"ನೀರಿಗೆ ಬಿಡ್ತೀವಿ."

"ಯಾಕೆ?"

ಸೇತುವೆಯ ಭಾರದಿಂದ ಹಿಡಿದು ಇನ್‌ಕಮ್ ಟ್ಯಾಕ್ಸ್ ತನಕ ಯಾವುದನ್ನು ಬೇಕಾದರೂ ವಿವರಿಸಬಲ್ಲ ನನ್ನ ಯಜಮಾನರು ಬಾಯಿ ತೆರೆದು ಮುಚ್ಚಿದರು. ಮಗಳೇ ಉತ್ತರ ಕೊಟ್ಟಳು. "ಇಟ್ಸ್ ಎ ಪ್ರೆಸೆಂಟ್. ಫಾರ್ ದ ವಾಟರ್."

ಆತ ಅವಳ ಮುಂದೆ ಬಗ್ಗಿ, ನೀರಿಗೆ ಪ್ರೆಸೆಂಟ್ ಅಂದರೆ ಆಗೋದಿಲ್ಲ ಮಗು, ಅದರ ಪಾಡಿಗೆ ಅದನ್ನು ಬಿಟ್ಟರೆ ಅದಕ್ಕೆ ಸಂತೋಷ ಅಂದ. ಆಮೇಲೆ ನಮ್ಮ ಕಡೆ ತಿರುಗಿ, ಮೇಜಿನ ಹತ್ತಿರ ಎಷ್ಟು ಹೊತ್ತು ಬೇಕಾದರೂ ಕೂತಿರಿ, ಬೇಲಿ ಮಾತ್ರ ದಾಟಬೇಡಿ ಅಂತ ಹೇಳಿ ಪಿಕಪ್ ಹತ್ತಿದ. ಹೋಗಲಿಲ್ಲ, ಸ್ವಲ್ಪ ದೂರದಲ್ಲಿ ನಿಲ್ಲಿಸಿಕೊಂಡ.

"ಏನಂದ?" ಅತ್ತೆ ಕೇಳಿದರು. ಹೇಳಿದೆ.

"ಎಷ್ಟು ಜನ ಕುಡೀತಾರಂತೆ ಇದನ್ನ?"

"ಊರಿಗೆ ಊರೇ ಕುಡಿಯುತ್ತಂತೆ."

"ಕನ್ನಂಬಾಡಿ ನೀರೂ ಊರಿಗೆ ಊರೇ ಕುಡಿಯುತ್ತೆ. ನನ್ನ ಬಾಗಿನದಿಂದ ಯಾರಿಗೂ ಹೊಟ್ಟೆನೋವು ಬಂದಿಲ್ಲ." ಮಂಡಿಯ ಮೇಲಿನ ಮಣ್ಣು ಕೊಡವಿಕೊಂಡರು. "ಹೋಗಲಿ ಬಿಡು. ನೀರಿಗೆ ಕಾವಲು ಇಟ್ಟಿದ್ದಾರೆ ಅಂದರೆ ಬೆಲೆ ಗೊತ್ತಿದೆ ಅಂತಾಯ್ತು."

ಮಾತು ಹಾಗಿದ್ದರೂ ಮುಖ ಹಾಗಿರಲಿಲ್ಲ. ಯಜಮಾನರು ಸಮುದ್ರಕ್ಕೆ ಹೋಗೋಣವಾ ಅಂದರು, ಈಗಲೇ ಹೊರಟರೆ ಎರಡು ಗಂಟೆ. "ಸಮುದ್ರದಲ್ಲಿ ಯಾರ ತವರಿದೆಯೋ?" ಅಂದರು ಅತ್ತೆ. ನಮ್ಮ ಮನೆ ಹಿಂದೆ ಹರಿಯೋ ತೊರೆ? "ಅದರಲ್ಲಿ ಮೊನ್ನೆ ಟೈರು ತೇಲ್ತಿತ್ತು." ನಾನು ಮೇಜಿನ ಮೇಲೆ ಬಟ್ಟೆ ಹಾಸಿ ಪುಳಿಯೋಗರೆ, ಮೊಸರನ್ನ, ಕೋಡುಬಳೆ ಬಿಚ್ಚಿಟ್ಟೆ. ನಾವೆಲ್ಲ ತಟ್ಟೆಗೆ ಹಾಕಿಕೊಂಡೆವು. ಅತ್ತೆ ಬಾಗಿನವನ್ನು ಪಕ್ಕದಲ್ಲಿಟ್ಟುಕೊಂಡು ಖಾಲಿ ಕೈಯಲ್ಲಿ ಕೂತರು. ಎರಡು ಗಂಟೆಯಾಗಿತ್ತು. ಬೆಳಿಗ್ಗೆಯಿಂದ ಎರಡು ಲೋಟ ಕಾಫಿ.

ಇಷ್ಟು ಹೊತ್ತೂ ಹೀರೆಕಾಯಿಯಮ್ಮ ನಮ್ಮ ಗಲಾಟೆಯ ಕಡೆ ಗಮನವೇ ಕೊಟ್ಟಿರಲಿಲ್ಲ. ಬೇಲಿಯ ತಂತಿಗೆ ಬೆರಳು ಸಿಕ್ಕಿಸಿಕೊಂಡು ದ್ವೀಪಗಳನ್ನೇ ನೋಡುತ್ತಾ ನಿಂತಿದ್ದರು. ಊಟಕ್ಕೆ ಕರೆದಾಗ ಬಂದು ಕೂತು, ಕೈಚೀಲದಿಂದ ಒಂದು ಲಕೋಟೆ ತೆಗೆದರು. ಅದರೊಳಗೆ ಮೂರು ಬೆರಳಗಲದ ಒಂದು ಕಪ್ಪುಬಿಳುಪು ಫೋಟೋ. ನೀರು, ನೀರಿನಲ್ಲಿ ದ್ವೀಪಗಳು. ಲೆಕ್ಕವಿಲ್ಲದಷ್ಟು.

"ನನ್ನ ಊರು," ಅಂದರು ಇಂಗ್ಲಿಷಿನಲ್ಲಿ.

ಎಷ್ಟು ಚೆಂದ ಇದೆ, ದ್ವೀಪದ ಊರಾ ನಿಮ್ಮದು ಅಂದೆ ನಾನು. ಆಕೆ ತಲೆಯಾಡಿಸಿದರು. ದ್ವೀಪ ಅಲ್ಲ, ಇವು ಬೆಟ್ಟಗಳು. ಊರು ಕೆಳಗೆ. ಬೆರಳಿನಿಂದ ಫೋಟೋದ ನೀರನ್ನು ತಟ್ಟಿ ತೋರಿಸಿದರು. ಆಕೆ ಮದುವೆಯಾಗಿ ದೇಶ ಬಿಟ್ಟ ಹತ್ತು ಹನ್ನೊಂದು ವರ್ಷಕ್ಕೆ ಅಲ್ಲಿ ಅಣೆಕಟ್ಟು ಕಟ್ಟಿದರಂತೆ. ಆಗ ಚೀನಾದಿಂದ ಅಮೆರಿಕಕ್ಕೆ ಕಾಗದಪತ್ರ ಬರುವ ಹಾಗಿರಲಿಲ್ಲ. ಊರು ಹೋಗಿದ್ದೇ ಆಕೆಗೆ ಗೊತ್ತಿರಲಿಲ್ಲ. ಅಷ್ಟೂ ವರ್ಷ ಮನಸ್ಸಿನಲ್ಲಿ ಆ ಬೀದಿ, ಆ ಮನೆ ಹಾಗೇ ಇವೆ ಅಂದುಕೊಂಡು ದಿನಾ ಅದರಲ್ಲಿ ಓಡಾಡಿಕೊಂಡಿದ್ದರು. ಹಿಂದಿನ ಚಳಿಗಾಲದಲ್ಲಿ ತಮ್ಮನ ಮೊದಲ ಕಾಗದ ಬಂತು. ಅದರ ಜೊತೆ ಈ ಫೋಟೋ. ಈಗ ಜನ ದೋಣಿಯಲ್ಲಿ ನೋಡೋಕೆ ಹೋಗ್ತಾರೆ, ಬಹಳ ಸೊಗಸಾಗಿದೆ ಅಂತ ಬರೆದಿದ್ದಾನೆ ಅಂದರು.

"ಏನಂತಾಳೆ, ಏನಂತಾಳೆ?" ಅತ್ತೆ ನನ್ನ ಮೊಣಕೈ ತಿವಿದರು.

ನಾನು ಹೇಳುತ್ತಾ ಹೋದೆ. ಅತ್ತೆ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ಕೇಳಿಸಿಕೊಂಡರು. ಆಮೇಲೆ ಪ್ರಶ್ನೆ ಶುರುವಾಯಿತು. ಆ ಪ್ರಶ್ನೆಗಳಲ್ಲಿ ಒಂದೂ ನನಗೆ ತೋಚುವಂಥದ್ದಲ್ಲ.

"ಬಾಗಿಲು ಬಿಚ್ಚಿಕೊಂಡು ಹೋದರಂತಾ, ಹಾಗೇ ಬಿಟ್ಟರಂತಾ ಕೇಳು."

ಕೇಳಿದೆ. ಬಾಗಿಲು, ಕಿಟಕಿ ಬಿಚ್ಚಿಕೊಂಡರು, ಹೊಸಲು ಕಲ್ಲಿನದು, ಅದು ಅಲ್ಲೇ ಉಳಿಯಿತು ಅಂತ ತಮ್ಮ ಬರೆದಿದ್ದನಂತೆ.

"ನಮ್ಮದೂ ಕಲ್ಲಿಂದೇ," ಅಂದರು ಅತ್ತೆ. "ದೇವರು? ದೇವರನ್ನ ತಗೊಂಡು ಹೋದರಾ?"

ಆಕೆ ಯೋಚಿಸಿದರು. ಗೊತ್ತಿಲ್ಲ, ತಮ್ಮ ಬರೆದಿಲ್ಲ.

"ಬಾವಿ ಎಲ್ಲಿತ್ತು?"

ಮನೆಯ ಹಿಂದೆ, ಕಿತ್ತಳೆ ಮರದ ಹತ್ತಿರ.

ಅತ್ತೆ ಫೋಟೋ ಹಿಂದಿರುಗಿಸಿದರು. ಥರ್ಮಾಸಿನ ನೀರಿನಿಂದ ಕೈ ತೊಳೆದುಕೊಂಡು, ಎದ್ದು ನಿಂತು ಸೀರೆ ಸರಿಪಡಿಸಿಕೊಂಡರು. "ಇವಳ ಗಂಡ ಮನೇಲಿ ಟೀವಿ ನೋಡ್ತಿದ್ದಾನೆ ತಾನೆ?"

"ಹೂಂ, ಯಾಕೆ?"

"ಮತ್ತೆ ಮುತ್ತೈದೆ. ಬಾಗಿನ ಇವಳಿಗೆ ಕೊಡ್ತೀನಿ."

ಯಜಮಾನರು ಕೋಡುಬಳೆ ಅರ್ಧಕ್ಕೆ ನಿಲ್ಲಿಸಿದರು. "ಅಮ್ಮ, ಅದು ನೀರಿಗೆ ಅಂತ ಇಟ್ಟಿದ್ದಲ್ಲವಾ?"

"ನೀರಿಗೆ ಕೊಡ್ತಿದ್ದೆನೇನೋ ನಾನು? ನೀರೊಳಗಿದ್ದ ತವರಿಗೆ ಕೊಡ್ತಿದ್ದೆ. ಇವಳ ತವರೂ ಅಲ್ಲೇ ಇದೆ. ಇವಳಿಗೆ ಇಷ್ಟು ವರ್ಷ ಯಾರು ಬಾಗಿನ ಕೊಟ್ಟಿದ್ದಾರೆ?"



ಬಾಗಿನವನ್ನು ಸೆರಗಿನ ಮರೆಯಲ್ಲಿ ಕೊಡಬೇಕು, ತಗೊಳ್ಳುವವರೂ ಸೆರಗಿನಲ್ಲಿ ತಗೊಳ್ಳಬೇಕು. ಹೀರೆಕಾಯಿಯಮ್ಮ ಪ್ಯಾಂಟು ಹಾಕಿದ್ದರು. ಅತ್ತೆ ತಮ್ಮ ಸೆರಗನ್ನೇ ಉದ್ದಕ್ಕೆ ಎಳೆದು ಮೊರದ ಮೇಲೆ ಹಾಯಿಸಿ, ಅದರ ತುದಿಯನ್ನು ಆಕೆಯ ಕೈಗೆ ಹಿಡಿಸಿದರು. ಕುಂಕುಮ ಇಟ್ಟರು. ಆಕೆ ಗಾಬರಿಯಾಗಿ ನನ್ನ ಮುಖ ನೋಡಿದರು. ಇಷ್ಟೆಲ್ಲ ಯಾಕೆ, ನಾನು ಏನೂ ತಂದಿಲ್ಲ ಅಂದರು. ನಾನು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ: ಇದು ಹೆಣ್ಣುಮಕ್ಕಳಿಗೆ ತಾಯಿಮನೆಯಿಂದ ವರ್ಷಕ್ಕೊಂದು ಸಲ ಬರುವ ಉಡುಗೊರೆ. ಅತ್ತೆಯ ತಾಯಿಮನೆ ಕೂಡ ಹೀಗೇ ಒಂದು ಕಟ್ಟೆಯ ನೀರಿನ ಕೆಳಗಿದೆ. ಅಲ್ಲಿಂದ ಇದು ಅಂತ ತಿಳಿದುಕೊಳ್ಳಿ.

ಆಕೆ ಎರಡೂ ಕೈಯಲ್ಲಿ ಮೊರ ಹಿಡಿದುಕೊಂಡರು. ಆಮೇಲೆ ಅತ್ತೆಗೆ ತಮ್ಮ ಭಾಷೆಯಲ್ಲಿ ಏನೋ ಹೇಳಿದರು, ಸಾಕಷ್ಟು ಉದ್ದವಾಗಿಯೇ. ಅತ್ತೆ "ಹೂಂ, ಹೂಂ" ಅಂದುಕೊಂಡು ಕೇಳಿ, "ಬೇಳೆ ಹುಳ ಹಿಡಿಯೋಕ್ಕೆ ಮುಂಚೆ ಬೇಯಿಸಿಕೋ," ಅಂದರು. ಅದನ್ನು ಮಾತ್ರ ನಾನು ಅನುವಾದಿಸಿದೆ. ಆಕೆಗೆ ನಗು ಬಂತು, ನಗುತ್ತಲೇ ಕಣ್ಣು ಒರೆಸಿಕೊಂಡರು.

ದೂರದಲ್ಲಿದ್ದ ಕಾವಲಿನವನು ಮೊರ ಬೇಲಿಯ ಈಚೆಯೇ ಕೈ ಬದಲಾಯಿಸಿದ್ದನ್ನು ನೋಡಿರಬೇಕು. ಗಾಡಿ ಸ್ಟಾರ್ಟ್ ಮಾಡಿ, ಟೋಪಿಗೆ ಕೈ ತಾಗಿಸಿ ಹೊರಟುಹೋದ.

ಅತ್ತೆ ಕೂತು, "ತಟ್ಟೆ ಕೊಡೇ, ಹೊಟ್ಟೆ ಬೆನ್ನಿಗೆ ಅಂಟಿಕೊಂಡಿದೆ," ಅಂದರು. ಎರಡು ಸಲ ಪುಳಿಯೋಗರೆ, ಒಂದು ಸಲ ಮೊಸರನ್ನ. ವಾರಗಳಿಂದ ಅವರು ಹಾಗೆ ತಿಂದದ್ದನ್ನು ನಾನು ನೋಡಿರಲಿಲ್ಲ. ತಿಂದು ಮುಗಿಸಿ, ಪುಳಿಯೋಗರೆಗೆ ಎಳ್ಳು ಸ್ವಲ್ಪ ಸೀದಿದೆ ಅಂತಲೂ ಹೇಳಿದರು. ಬಣ್ಣದ ಲೈಟು ಯಾವಾಗ ಹಾಕ್ತಾರೆ ಅಂತ ಮಗಳು ಅಪ್ಪನನ್ನು ಕೇಳುತ್ತಲೇ ಇದ್ದಳು.

ಹೀರೆಕಾಯಿಯಮ್ಮ ತಮ್ಮ ಊರಿಗೆ ಹೋಗಿಬರಲು ಇನ್ನೂ ಐದು ವರ್ಷವಾಯಿತು. ಅಷ್ಟರಲ್ಲಿ ನಾವು ಬೇರೆ ಊರಿಗೆ ಮನೆ ಬದಲಾಯಿಸಿದ್ದೆವು. ಬಂದವರು ನನಗೆ ಫೋನ್ ಮಾಡಿದರು. ದೋಣಿಯಲ್ಲಿ ಒಂದೂವರೆ ಗಂಟೆ ಸುತ್ತಿದರಂತೆ. ನೀರು ಎಷ್ಟು ತಿಳಿ ಅಂದರೆ ಹುಟ್ಟು ಕೆಳಗಿಳಿದಷ್ಟೂ ಕಾಣುತ್ತಿತ್ತು. ದ್ವೀಪಗಳಲ್ಲಿ ಕಿತ್ತಳೆ ತೋಟ. ತಮ್ಮ ಒಂದೊಂದು ಬೆಟ್ಟದ ಹೆಸರು ಹೇಳುತ್ತಾ ಹೋದ, ಆದರೆ ತನಗೆ ಒಂದರ ಗುರುತೂ ಸಿಗಲಿಲ್ಲ, ಬುಡ ಇಲ್ಲದೆ ತಲೆ ಮಾತ್ರ ನೋಡಿದರೆ ಯಾವ ಬೆಟ್ಟ ಅಂತ ಹೇಗೆ ಗೊತ್ತಾಗುತ್ತೆ ಅಂದರು. ದುಃಖದಿಂದ ಹೇಳಿದ ಹಾಗೆ ಕೇಳಿಸಲಿಲ್ಲ. ಗಾಳಿ ಚೆನ್ನಾಗಿತ್ತು, ಮೀನು ಬಹಳ ರುಚಿ, ಅಂದರು. ಅಮ್ಮ ಹೇಗಿದ್ದಾರೆ ಅಂತ ವಿಚಾರಿಸಿದರು.

ಆ ಶನಿವಾರ ನಾವು ರಿಸರ್ವಾಯರಿನಿಂದ ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅತ್ತೆ ಕಾಲು ತೊಳೆದು, ಅಡಿಗೆಮನೆಯ ಮೇಜಿನ ಮುಂದೆ ಕೂತು, ಮಾವನವರಿಗೆ ನೀಲಿ ಇನ್‌ಲ್ಯಾಂಡಿನಂಥ ಏರೋಗ್ರಾಮ್ ಬರೆದರು. ಅವರು ಬರೆಯುವಾಗ ಪ್ರತಿ ಅಕ್ಷರವನ್ನೂ ಬಾಯಲ್ಲಿ ಹೇಳಿಕೊಳ್ಳುತ್ತಿದ್ದರು, ಆದ್ದರಿಂದ ಒಲೆಯ ಹತ್ತಿರ ನಿಂತ ನನಗೆ ಪೂರಾ ಕೇಳಿಸಿತು. ಇಲ್ಲಿ ಎಲ್ಲ ಕ್ಷೇಮ. ಮಗು ಶಾಲೆಗೆ ಹೋಗುತ್ತಿದೆ. ಚಳಿ ಇನ್ನೂ ಬಂದಿಲ್ಲ. ಈ ವರ್ಷದ ಬಾಗಿನ ಸಂದಾಯವಾಯಿತು, ಯೋಚನೆ ಮಾಡಬೇಡಿ. ಅಷ್ಟು ಬರೆದು ಪೆನ್ನು ಎತ್ತಿ ಕಿಟಕಿಯ ಆಚೆ ನೋಡಿದರು. ಆಮೇಲೆ ಉಳಿದಿದ್ದ ಸಾಲಿನಲ್ಲಿ, ಯಾರಿಗೆ ಅಂತ ಊರಿಗೆ ಬಂದ ಮೇಲೆ ಹೇಳುತ್ತೇನೆ, ಕಾಗದದಲ್ಲಿ ಜಾಗ ಸಾಲದು, ಅಂತ ಬರೆದು ಅಂಟು ಸವರಿದರು.